ರೆಸಿನ್‌ಗೆ ನ್ಯಾನೋ ಸಿಲಿಕಾ ಹಾಕಿದೆ, ಲ್ಯಾಮಿನೇಟ್ ಇನ್ನೂ ವೀಕ್ ಆಯ್ತು. ಎಲ್ಲಿ ತಪ್ಪಿದೆ?

ಎಂಟೆಕ್_ಕೊನೇಸೆಮ್

ಎಲ್ಲರಿಗೂ ನಮಸ್ಕಾರ. ನನ್ನ ಪ್ರಾಜೆಕ್ಟ್ ಗ್ಲಾಸ್ ಫೈಬರ್–ಎಪಾಕ್ಸಿ ಲ್ಯಾಮಿನೇಟ್ ಮೇಲೆ, ಅಂದರೆ ಗಾಜಿನ ನೂಲಿನ ಬಟ್ಟೆಯ ಪದರಗಳನ್ನು ಎಪಾಕ್ಸಿ ರೆಸಿನ್ (ಗಟ್ಟಿಯಾಗುವ ಅಂಟು) ಹಾಕಿ ಒಂದು ಮಾಡಿದ ಹಲಗೆ. ರೆಸಿನ್‌ಗೆ ನ್ಯಾನೋ ಸಿಲಿಕಾ ಸೇರಿಸಿ ಟಫ್ ಮಾಡಬೇಕು, ಅಂದರೆ ಬಿರುಕು ಸುಲಭವಾಗಿ ಓಡಬಾರದು.

ಮಾಡಿದ್ದು ಇಷ್ಟು. ರೆಸಿನ್ ಎಲ್‌ವೈ 556, ಹಾರ್ಡನರ್ (ಅದನ್ನು ಗಟ್ಟಿ ಮಾಡುವ ದ್ರವ) ಎಚ್‌ವೈ 951, ತೂಕದಲ್ಲಿ 100ಕ್ಕೆ 10. ಆನ್‌ಲೈನ್‌ನಲ್ಲಿ ತರಿಸಿದ ಸಿಲಿಕಾ ಪುಡಿ, ಡಬ್ಬಿ ಮೇಲೆ 20 ನ್ಯಾನೋಮೀಟರ್ ಅಂತ ಇದೆ. 1, 2, 3 ಪರ್ಸೆಂಟ್ ಹಾಕಿದೆ. ಒಂದು ಗಂಟೆ ಸ್ಟರರ್, ಅರ್ಧ ಗಂಟೆ ಸೋನಿಕೇಟರ್ ಬಾತ್ (ಶಬ್ದದ ಅಲೆಯಿಂದ ಅಲುಗಿಸುವ ತೊಟ್ಟಿ). ಎಂಟು ಪದರ ಹ್ಯಾಂಡ್ ಲೇಅಪ್ (ಕೈಯಲ್ಲೇ ರೆಸಿನ್ ಸವರಿ ಜೋಡಿಸುವುದು), ಮೇಲೆ ತೂಕ ಇಟ್ಟು 24 ಗಂಟೆ ಬಿಟ್ಟೆ. ಟೆನ್ಸೈಲ್ (ಎಳೆಯುವ) ಮತ್ತು ಬೆಂಡಿಂಗ್ (ಬಗ್ಗಿಸುವ) ಟೆಸ್ಟ್ ಮಾಡಿದೆ. 1 ಪರ್ಸೆಂಟ್‌ಗೆ ಒಂಚೂರು ಜಾಸ್ತಿ. 3 ಪರ್ಸೆಂಟ್‌ಗೆ ಏನೂ ಹಾಕದ ಸ್ಯಾಂಪಲ್‌ಗಿಂತ ಕಮ್ಮಿ!

ಗೈಡ್ ಹೇಳಿದ್ದು: "1 ಪರ್ಸೆಂಟೇ ಆಪ್ಟಿಮಮ್ ಅಂತ ಬರೆದು ಮುಗಿಸು." ಸಂಶೋಧನಾ ಪೇಪರ್‌ಗಳಲ್ಲಿ ಮಾತ್ರ ಎರಡು ಪಟ್ಟು, ನಾಲ್ಕು ಪಟ್ಟು ಅಂತ ಇರುತ್ತೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಹಳೇ_ಆಟೋಕ್ಲೇವ್

ತಮ್ಮಾ, ಮನಸ್ಸು ಒಪ್ಪದಿರುವುದು ಒಳ್ಳೇದೇ. ಇಲ್ಲಿ ಎರಡು ತಪ್ಪು ಒಂದೇ ಪಾತ್ರೆಯಲ್ಲಿ ಬೆರೆತಿವೆ.

ಮೊದಲು ಟೆಸ್ಟ್ ವಿಷಯ. ಬಟ್ಟೆಯ ನೂಲಿನ ಉದ್ದಕ್ಕೆ ಎಳೆದರೆ ಭಾರ ಹೊರುವುದು ಗ್ಲಾಸ್. ರೆಸಿನ್ ಅದನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತೆ ಅಷ್ಟೆ. ರೆಸಿನ್ ಟಫ್ ಆಯ್ತಾ ಅಂತ ತಿಳಿಯಬೇಕಾದರೆ ಎರಡು ಪದರದ ನಡುವೆ ಬಿರುಕು ಬಿಟ್ಟು, ಅದು ಓಡಲು ಎಷ್ಟು ಶಕ್ತಿ ಬೇಕು ಅಂತ ಅಳೆಯಬೇಕು. ನೀನು ಅಡುಗೆಗೆ ಉಪ್ಪು ಹಾಕಿ ಅನ್ನದ ಬಣ್ಣ ನೋಡ್ತಾ ಇದ್ದೀಯ.

ಇನ್ನು ಪುಡಿ. 20 ನ್ಯಾನೋಮೀಟರ್ ಸಿಲಿಕಾ ಒಂದು ಗ್ರಾಂ ತಗೊಂಡು ಎಲ್ಲಾ ಕಣಗಳ ಮೈ ಲೆಕ್ಕ ಹಾಕು. ಸುಮಾರು 136 ಚದರ ಮೀಟರ್ ಬರುತ್ತೆ. ಮೂರು ಗ್ರಾಂ ಅಂದರೆ 400 ದಾಟುತ್ತೆ. ನಮ್ಮ 30×40 ಸೈಟ್ ಮೂರೂವರೆ! ಅಷ್ಟೂ ಮೈಯನ್ನು 100 ಗ್ರಾಂ ರೆಸಿನ್ ಒದ್ದೆ ಮಾಡಬೇಕು. ಒಣಪುಡಿಯಲ್ಲಿ ಕಣಗಳು ಆಗಲೇ ಒಂದಕ್ಕೊಂದು ಅಂಟಿ ಗಂಟಾಗಿರುತ್ತವೆ. ಬಿಸಿನೀರಿಗೆ ಒಮ್ಮೆಲೇ ರಾಗಿ ಹಿಟ್ಟು ಸುರಿದ ಹಾಗೆ: ಮೇಲೆ ಒದ್ದೆ, ಒಳಗೆ ಒಣಹಿಟ್ಟು. ನಿನ್ನ ಸೋನಿಕೇಟರ್ ಬಾತ್ ಕನ್ನಡಕ ತೊಳೆಯೋಕೆ ಸರಿ. ಜೇನಿನಷ್ಟು ಗಟ್ಟಿ ಇರುವ ಎಲ್‌ವೈ 556 ಒಳಗಿನ ಗಂಟು ಒಡೆಯೋಕೆ ಅದಕ್ಕೆ ತಾಕತ್ತಿಲ್ಲ.

ಡಬ್ಬಿ ಮೇಲೆ 20 ನ್ಯಾನೋಮೀಟರ್ ಇರಬಹುದು. ಲ್ಯಾಮಿನೇಟ್ ಒಳಗೆ ಇರುವುದು ಹತ್ತಾರು ಮೈಕ್ರಾನ್ ಗಂಟು (1 ಮೈಕ್ರಾನ್ ಅಂದರೆ 1000 ನ್ಯಾನೋಮೀಟರ್). ಅದು ಕಣ ಅಲ್ಲ, ಹುಟ್ಟುವಾಗಲೇ ಇರುವ ಬಿರುಕು.

ಮುರಿದ ಜಾಗವನ್ನು ಲೆನ್ಸ್‌ನಲ್ಲಿ ನೋಡಿದ್ಯಾ? ಬಿಳಿ ಚುಕ್ಕೆ ಕಾಣ್ತಾ?

ಎಂಟೆಕ್_ಕೊನೇಸೆಮ್

ಸರ್, ಮೊದಲನೇದಾಗಿ ನಾನು ತಮ್ಮ ಅಲ್ಲ, ತಂಗಿ 🙂

ಎರಡನೇದು, ಈಗ ಮೊಬೈಲ್ ಕ್ಯಾಮೆರಾಗೆ ಲೆನ್ಸ್ ಹಿಡಿದು ನೋಡಿದೆ. 3 ಪರ್ಸೆಂಟ್ ಸ್ಯಾಂಪಲ್‌ನಲ್ಲಿ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳಿವೆ. ಗುಳ್ಳೆಗಳೂ ಇವೆ. 1 ಪರ್ಸೆಂಟ್‌ನಲ್ಲಿ ಕಮ್ಮಿ.

ಹಳೇ_ಆಟೋಕ್ಲೇವ್

ತಪ್ಪಾಯ್ತಮ್ಮ, ಕ್ಷಮಿಸು.

ಆ ರವೆಯೇ ನಿನ್ನ "ಆಪ್ಟಿಮಮ್". 1 ಪರ್ಸೆಂಟ್ ಆದ ಮೇಲೆ ಸಿಲಿಕಾ ಕೆಲಸ ನಿಲ್ಲಿಸಿತು ಅಂತಲ್ಲ, ನಿನ್ನ ಸ್ಟರರ್ ಕೆಲಸ ನಿಲ್ಲಿಸಿತು. ನಾನು ನೋಡಿದ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಆಪ್ಟಿಮಮ್ ಯಾವಾಗಲೂ 1, 2, ಇಲ್ಲ ಅಂದರೆ 3. ಅದು ವಸ್ತುವಿನ ಗುಣ ಅಂತ ಬರೆದಿರುತ್ತಾರೆ. ನಿಜವಾಗಿ ಅದು ಆ ಲ್ಯಾಬಿನ ಮಿಕ್ಸರ್‌ನ ಗುಣ.

ಹೋಲಿಸಿ ನೋಡು. ಲಂಡನ್‌ನ ಇಂಪೀರಿಯಲ್ ಕಾಲೇಜಿನವರು 2007ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಸಿಲಿಕಾ ಹಾಕಿದ್ದು ಗಾತ್ರದಲ್ಲಿ 13 ಪರ್ಸೆಂಟ್‌ವರೆಗೆ. ಬಿರುಕು ಓಡಲು ಬೇಕಾದ ಶಕ್ತಿ ಚದರ ಮೀಟರಿಗೆ 100 ಜೂಲ್ ಇದ್ದದ್ದು 460 ಆಯ್ತು. ಬಿಗಿತ ಕೂಡ ಏರಿತು, ಗ್ಲಾಸ್ ಟ್ರಾನ್ಸಿಷನ್ ಉಷ್ಣಾಂಶ (ರೆಸಿನ್ ಮೆತ್ತಗಾಗುವ ಬಿಸಿ) ಇದ್ದಲ್ಲೇ ಇತ್ತು. ಅವರು ಪುಡಿ ಹಾಕಲೇ ಇಲ್ಲ. ಸೋಲ್–ಜೆಲ್ ವಿಧಾನದಲ್ಲಿ ದ್ರವದಲ್ಲೇ ಬೆಳೆಸಿದ, ಮೈಗೆ ರಾಸಾಯನಿಕ ಲೇಪ ಇರುವ ಕಣ. ಅದು ಎಪಾಕ್ಸಿ ಒಳಗೆ 40 ಪರ್ಸೆಂಟ್ ತೂಕದ ಮಾಸ್ಟರ್‌ಬ್ಯಾಚ್ (ದಟ್ಟ ಮಿಶ್ರಣ) ಆಗಿ ಸಿಗುತ್ತೆ. ದೋಸೆ ಹಿಟ್ಟಿಗೆ ನೀರು ಹಾಕಿದ ಹಾಗೆ ಬೇಕಾದಷ್ಟು ಸಾದಾ ರೆಸಿನ್ ಸೇರಿಸಿ ತೆಳು ಮಾಡಿಕೊಂಡರೆ ಆಯ್ತು.

ಮಲ್ಪೆ_ದೋಣಿ

ಮಾರಾಯ್ರೆ, ನಾನು ಡಿಗ್ರಿ ಮಾಡಿದವನಲ್ಲ, ಫೈಬರ್ ದೋಣಿ ಮಾಡುವವ. ಒಂದು ಡೌಟು ಉಂಟು. ಮೊನ್ನೆ ಒಬ್ಬ ಸೇಲ್ಸ್‌ನವ ಬಂದು "ನ್ಯಾನೋ ಅಡಿಟಿವ್, ರೆಸಿನ್‌ಗೆ ಹಾಕಿದರೆ ದೋಣಿ ಡಬಲ್ ಸ್ಟ್ರಾಂಗ್" ಅಂತ ಬಿಳಿ ಪುಡಿ ತೋರಿಸಿದ. ಹತ್ತಿಗಿಂತ ಹಗುರ, ಊದಿದರೆ ಹಾರುತ್ತೆ. ನೋಡಿದರೆ ನಾವು ಜೆಲ್‌ಕೋಟ್ (ದೋಣಿಯ ಹೊರಮೈಗೆ ಬಳಿಯುವ ರೆಸಿನ್) ಗಟ್ಟಿ ಮಾಡಲಿಕ್ಕೆ ಇಪ್ಪತ್ತು ವರ್ಷದಿಂದ ಹಾಕುವ ಏರೋಸಿಲ್ ಥರವೇ ಕಾಣುತ್ತೆ. ಇದೂ ಅದೂ ಒಂದೆಯಾ?

ಹಳೇ_ಆಟೋಕ್ಲೇವ್

ಮಲ್ಪೆಯವರೇ, ನೀವು ಇಪ್ಪತ್ತು ವರ್ಷದಿಂದ ನ್ಯಾನೋ ಟೆಕ್ನಾಲಜಿ ಮಾಡ್ತಾ ಇದ್ದೀರಿ, ಯಾರೂ ಹೇಳಲಿಲ್ಲ ಅಷ್ಟೆ! ಆ ಸೇಲ್ಸ್‌ನವನ ಡಬ್ಬಿಯಲ್ಲಿ ಏನಿತ್ತೋ ನೋಡದೆ ಹೇಳಲಾರೆ. ಆದರೆ ನಿಮ್ಮ ಏರೋಸಿಲ್ ಇದೆಯಲ್ಲ, ಅದು ಫ್ಯೂಮ್ಡ್ ಸಿಲಿಕಾ. ಅದರ ಮೂಲ ಕಣ ಹತ್ತು ಹನ್ನೆರಡು ನ್ಯಾನೋಮೀಟರ್ ಮಾತ್ರ. ಆದರೆ ಅವು ಬೆಂಕಿಯಲ್ಲೇ ಒಂದಕ್ಕೊಂದು ಬೆಸೆದು ಸರಪಳಿ ಆಗಿರುತ್ತವೆ. ಸರಪಳಿಗಳು ರೆಸಿನ್ ಒಳಗೆ ಕೈ ಕೈ ಹಿಡಿದು ಬಲೆ ಕಟ್ಟುತ್ತವೆ. ಅದಕ್ಕೇ ಜೆಲ್‌ಕೋಟ್ ಗೋಡೆ ಮೇಲಿಂದ ಇಳಿಯಲ್ಲ, ಬ್ರಷ್ ಆಡಿಸಿದಾಗ ಮಾತ್ರ ಸಡಿಲ ಆಗುತ್ತೆ. ಗಟ್ಟಿ ಮಾಡಲು ಅದು ಸರಿ. ಟಫ್ ಮಾಡಲು ಬೇಕಾದದ್ದು ಬಿಡಿ ಬಿಡಿ ದುಂಡು ಕಣ. 10 ಪರ್ಸೆಂಟ್ ಹಾಕಿದರೂ ರೆಸಿನ್ ಹರಿಯಬೇಕು. ನಿಮ್ಮ ಏರೋಸಿಲ್ 10 ಪರ್ಸೆಂಟ್ ಹಾಕಿ ನೋಡಿ, ಬಕೆಟ್ ತಲೆಕೆಳಗೆ ಮಾಡಿದರೂ ಬೀಳಲ್ಲ.

ಅದಿರಲಿ, ನಿಮ್ಮ ದೋಣಿಗೆ ಏನಾಗಿದೆ?

ಮಲ್ಪೆ_ದೋಣಿ

ಹಿಂದೆ ಇಂಜಿನ್ ಕೂರಿಸುವ ಜಾಗದಲ್ಲಿ ಪದರ ಬಿಡುತ್ತೆ. ಸುತ್ತಿಗೆ ಹಿಡಿಯಿಂದ ತಟ್ಟಿದರೆ ಸರಿ ಇರುವಲ್ಲಿ ಟಣ್ ಅನ್ನುತ್ತೆ, ಬಿಟ್ಟಲ್ಲಿ ಬೊದ್ ಅನ್ನುತ್ತೆ. ಹಲಸಿನ ಹಣ್ಣು ತಟ್ಟಿ ನೋಡಿದ ಹಾಗೆ. ರಿಪೇರಿ ಎಲ್ಲ ಜೂನ್ 1ರಿಂದ ಜುಲೈ 31ರ ಒಳಗೆ, ಮೀನುಗಾರಿಕೆ ನಿಷೇಧದ ಟೈಮಲ್ಲಿ. ಆಗ ನಮ್ಮಲ್ಲಿ ಮಳೆ ಹೇಗೆ ಅಂತ ಗೊತ್ತಲ್ಲ.

ಗಾಳಿಗಿರಣಿ

ನಡುವೆ ಬಾಯಿ ಹಾಕ್ತೀನಿ. ನಾನು ವಿಂಡ್ ಬ್ಲೇಡ್ ರಿಪೇರಿ ಮಾಡುವವನು. ಚಿತ್ರದುರ್ಗ, ಗದಗ ಕಡೆ ಹಗ್ಗದಲ್ಲಿ ನೇತಾಡಿ ಕೆಲಸ. ನಾವು ಐದು ರೂಪಾಯಿ ನಾಣ್ಯದಲ್ಲಿ ತಟ್ಟುತ್ತೇವೆ, ಸದ್ದು ಅದೇ.

ಅಣ್ಣಾ, ನಿಮ್ಮ ಕಾಯಿಲೆಗೆ ನ್ಯಾನೋ ಔಷಧಿ ಅಲ್ಲ. ಮಳೆಗಾಲದಲ್ಲಿ ಮ್ಯಾಟ್ (ಗ್ಲಾಸ್ ನೂಲಿನ ಹಾಸು) ತೇವ ಹೀರಿರುತ್ತೆ. ಹಳೇ ಪದರ ಪೂರ್ತಿ ಕ್ಯೂರ್ ಆಗಿ (ಗಟ್ಟಿಯಾಗಿ) ನುಣುಪಾಗಿರುತ್ತೆ. ಅದರ ಮೇಲೆ ಹೊಸ ಪಾಲಿಯೆಸ್ಟರ್ ಹಾಕಿದರೆ ಬೆಸೆಯಲ್ಲ, ಮೇಲೆ ಕೂರುತ್ತೆ ಅಷ್ಟೆ. ಆ ರೆಸಿನ್ ಒಳಗೆ ಚಿನ್ನದ ಪುಡಿ ಇದ್ದರೂ ಬಿಚ್ಚಿಕೊಳ್ಳುತ್ತೆ. ಗ್ರೈಂಡರ್ ಹಿಡಿದು ನೂಲು ಕಾಣುವವರೆಗೆ ಉಜ್ಜಿ, ದೂಳು ಒರೆಸಿ, ಮ್ಯಾಟ್ ಒಣಗಿಸಿ, ಆಮೇಲೆ ಹಾಕಿ.

ಮಲ್ಪೆ_ದೋಣಿ

ಉಜ್ಜದೆ ನಾನು ಯಾವತ್ತೂ ಹಾಕಿದವನಲ್ಲ. ಆದರೆ ಮ್ಯಾಟ್ ಒಣಗಿಸುವುದು... ಹೌದು, ಅಲ್ಲಿ ಸೋಂಬೇರಿತನ ಆಗಿದೆ. ಸೇಲ್ಸ್‌ನವನಿಗೆ ಬೇಡ ಅಂತ ಹೇಳ್ತೇನೆ.

ಸುಮ್ನೆ_ಓದುಗ

ನಾನು ಬಿ.ಎಸ್ಸಿ ಮಾತ್ರ. ಒಂದು ಮೂಲ ಪ್ರಶ್ನೆ. ಸಿಲಿಕಾ ಅಂದರೆ ಗಾಜು, ಮರಳು. ಅದೇ ಪೆಡಸು. ಪೆಡಸಾದ ಎಪಾಕ್ಸಿಗೆ ಪೆಡಸಾದ ಮರಳು ಹಾಕಿದರೆ ಟಫ್ ಹೇಗೆ ಆಗುತ್ತೆ? ಬಿರುಕಿಗೆ ಕಣ ಅಡ್ಡ ನಿಲ್ಲುತ್ತಾ?

ಹಳೇ_ಆಟೋಕ್ಲೇವ್

ಇದೇ ನಿಜವಾದ ಪ್ರಶ್ನೆ. ಅಡ್ಡ ನಿಲ್ಲುತ್ತೆ ಅಂತಲೇ ತುಂಬಾ ಜನ ಬರೆಯುತ್ತಾರೆ. 20 ನ್ಯಾನೋಮೀಟರ್ ಕಣಕ್ಕೆ ಅದು ಸಲ್ಲಲ್ಲ. ಬಿರುಕಿನ ತುದಿ ಬಾಯಿ ತೆರೆಯುವ ಅಗಲದ ಮುಂದೆ ಕಣವೇ ತೀರಾ ಚಿಕ್ಕದು. ಲಾರಿಗೆ ಸಾಸಿವೆ ಅಡ್ಡ ಇಟ್ಟ ಹಾಗೆ.

ನಡೆಯುವುದು ಬೇರೆ. ಬಿರುಕಿನ ತುದಿ ಹತ್ತಿರ ಬಂದಾಗ ಅಲ್ಲಿನ ಎಪಾಕ್ಸಿ ಎಲ್ಲ ಕಡೆಗೂ ಎಳೆತಕ್ಕೆ ಸಿಕ್ಕಿರುತ್ತೆ. ಕಣದ ಮೈಯಿಂದ ಎಪಾಕ್ಸಿ ಬಿಟ್ಟುಕೊಳ್ಳುತ್ತೆ. ಕಣದ ಸುತ್ತ ಪುಟ್ಟ ಪೊಳ್ಳು ಆಗುತ್ತೆ. ಪೊಳ್ಳು ಆದ ಕೂಡಲೇ ಸುತ್ತಲಿನ ಎಪಾಕ್ಸಿಗೆ ಹಿಗ್ಗಲು ಜಾಗ ಸಿಗುತ್ತೆ, ಅದು ಮುರಿಯದೆ ಎಳೆದುಕೊಳ್ಳುತ್ತೆ. ಕಣದಿಂದ ಕಣಕ್ಕೆ ಓರೆಯಾಗಿ ಜಾರುವ ಪಟ್ಟಿಗಳೂ ಹುಟ್ಟುತ್ತವೆ. ಶಕ್ತಿ ಖರ್ಚಾಗುವುದು ಇಲ್ಲಿ, ಎಪಾಕ್ಸಿಯಲ್ಲಿ. ಸಿಲಿಕಾ ಸುಮ್ನೆ ಆ ಕೆಲಸ ಶುರು ಮಾಡಿಸುವ ಮೇಸ್ತ್ರಿ.

ಚಿಕ್ಕ ಕಣ ಯಾಕೆ ಅಂದರೆ ಸಂಖ್ಯೆ. 2 ಮೈಕ್ರಾನ್‌ನ ಒಂದು ಕಣದ ತೂಕದಲ್ಲಿ 20 ನ್ಯಾನೋಮೀಟರ್‌ನವು ಹತ್ತು ಲಕ್ಷ ಬರುತ್ತವೆ. ಗಾತ್ರದಲ್ಲಿ 10 ಪರ್ಸೆಂಟ್ ಸಮವಾಗಿ ಹರಡಿದರೆ ಕಣ ಕಣದ ನಡುವೆ ಬರೀ 15 ನ್ಯಾನೋಮೀಟರ್ ಸಂದು.

ರಬ್ಬರ್ ಕೂಡ ಇದೇ ಕೆಲಸ ಮಾಡುತ್ತೆ, ಅಲ್ಲಿ ಪೊಳ್ಳು ರಬ್ಬರ್ ಒಳಗೇ ಆಗುತ್ತೆ. ಟಫ್‌ನೆಸ್ ಸಿಲಿಕಾಗಿಂತ ಜಾಸ್ತಿಯೇ ಸಿಗಬಹುದು. ಆದರೆ ಬಿಗಿತ ಇಳಿಯುತ್ತೆ. ದ್ರವ ರಬ್ಬರ್ ಆದರೆ ಒಂದಿಷ್ಟು ಎಪಾಕ್ಸಿಯಲ್ಲೇ ಕರಗಿ ಉಳಿದು ಬಿಸಿ ತಡೆಯುವ ಶಕ್ತಿಯನ್ನೂ ಇಳಿಸಬಹುದು. ಅದಕ್ಕೇ ಎರಡನ್ನೂ ಸೇರಿಸುವವರಿದ್ದಾರೆ.

ಸುಮ್ನೆ_ಓದುಗ

ಅರ್ಥ ಆಯ್ತು ಸರ್. ಅಂದ ಹಾಗೆ ಟಫ್‌ನೆಸ್‌ಗೆ ಕನ್ನಡದಲ್ಲಿ ಏನು? ಗಡಸುತನ?

ಗಾಳಿಗಿರಣಿ

ಗಡಸುತನ ಅಂದರೆ ಹಾರ್ಡ್‌ನೆಸ್. ಗಾಜು ಗಡಸು, ಟಫ್ ಅಲ್ಲ. ನಮ್ಮಜ್ಜ ಹಸಿ ಬಿದಿರಿಗೆ "ಜಿಗುಟು" ಅಂತಿದ್ದರು: ಬಾಗುತ್ತೆ, ಸಿಗಿಯುತ್ತೆ, ಆದರೆ ಪಟ್ ಅಂತ ಮುರಿಯಲ್ಲ. ಒಣಗಿ ಹಳತಾದರೆ "ಪೆಡಸು". ನನಗೆ ಜಿಗುಟೇ ಇಷ್ಟ. ಆದರೆ ಸೈಟಲ್ಲಿ ಎಲ್ಲರೂ ಟಫ್ ಅಂತಲೇ ಅನ್ನೋದು.

ಕಾರ್ಬನ್_ಕಪ್ಪು

ಸಿಲಿಕಾ ಯಾಕೆ, ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಹಾಕಿ. ಅರ್ಧ ಪರ್ಸೆಂಟ್ ಸಾಕು, ಕರೆಂಟೂ ಹರಿಯುತ್ತೆ.

ಗಾಳಿಗಿರಣಿ

ಹಾಕಿದ್ದೆ ಗುರೂ. ಮುಂಚೆ ಕೆಲಸ ಮಾಡುತ್ತಿದ್ದ ಕಡೆ ಟ್ರಯಲ್ ನಡೆದಿತ್ತು. ವ್ಯಾಕ್ಯೂಮ್ ಇನ್‌ಫ್ಯೂಷನ್, ಅಂದರೆ ಗಾಳಿ ಎಳೆದು ರೆಸಿನ್ ಹರಿಸುವುದು. ಗ್ಲಾಸ್ ಪದರ ಜೋಡಿಸಿ, ಬ್ಯಾಗ್ ಹಾಕಿ, ಒಂದು ತುದಿಯಿಂದ ಕಪ್ಪು ರೆಸಿನ್ ಬಿಟ್ಟೆವು. ಒಳಗೆ ಬರುವ ಕಡೆ ಕಾಡಿಗೆ ಥರ ಕಪ್ಪು. ಮುಂದೆ ಹೋಗ್ತಾ ಹೋಗ್ತಾ ಬೂದಿ ಬಣ್ಣ. ಆ ತುದಿಗೆ ತಲುಪಿದ್ದು ಬಹುತೇಕ ಸಾದಾ ರೆಸಿನ್. ಬಟ್ಟೆಯೇ ಸೋಸಣಿಗೆ ಆಗಿತ್ತು! ಕಾಫಿ ಫಿಲ್ಟರ್‌ನಲ್ಲಿ ಗಸಿ ಉಳಿದ ಹಾಗೆ ಟ್ಯೂಬ್‌ಗಳೆಲ್ಲ ಬಾಗಿಲಲ್ಲೇ ಉಳಿದವು. ಕಪ್ಪು ಆಗಿದ್ದರಿಂದ ಕಣ್ಣಿಗೆ ಕಂಡಿತು. ಗಂಟಾದ ಸಿಲಿಕಾ ಹೀಗೇ ಸೋಸಿಹೋದರೆ ಗೊತ್ತೇ ಆಗಲ್ಲ.

ಬಿಡಿ ಕಣದ 20 ನ್ಯಾನೋಮೀಟರ್ ಸಿಲಿಕಾ ಮಾತ್ರ ಆರಾಮಾಗಿ ನುಸುಳುತ್ತೆ, ಗ್ಲಾಸ್ ಎಳೆಯೇ ಹತ್ತು ಹದಿನೇಳು ಮೈಕ್ರಾನ್ ದಪ್ಪ ಇರುವಾಗ. ಬ್ಲೇಡಿನವರು ಹಿಂಜರಿಯೋದು ದುಡ್ಡಿಗೆ. ಒಂದೊಂದು ಬ್ಲೇಡಿಗೆ ರೆಸಿನ್ ಟನ್‌ಗಟ್ಟಲೆ ಬೇಕು.

ಹಳೇ_ಆಟೋಕ್ಲೇವ್

ನ್ಯಾನೋಟ್ಯೂಬ್ ಬಗ್ಗೆ ಇನ್ನೊಂದು. ಅಮೆರಿಕದ ಎಂಐಟಿಯಲ್ಲಿ ಅದನ್ನು ರೆಸಿನ್‌ಗೆ ಕಲಸುವ ಗೋಜಿಗೇ ಹೋಗದೆ, ಭತ್ತದ ಸಸಿಮಡಿ ಥರ ನೆಟ್ಟಗೆ ಬೆಳೆಸಿ ಎರಡು ಪದರದ ನಡುವೆ ಇಟ್ಟರು. ಅದು ಎರಡೂ ಪದರಕ್ಕೆ ಹೊಲಿಗೆ ಹಾಕಿದ ಹಾಗೆ. ಕಲಸುವ ಜಗಳವೇ ಇಲ್ಲ.

ಮತ್ತೆ ವಿಮಾನದವರು ಪದರ ಬಿಡುವ ಈ ಸಮಸ್ಯೆಗೆ ಮೊದಲು ಹಿಡಿದ ದಾರಿ ನ್ಯಾನೋ ಅಲ್ಲವೇ ಅಲ್ಲ. ಬೋಯಿಂಗ್ 787ರ ಕಾರ್ಬನ್ ಪ್ರಿಪ್ರೆಗ್‌ನಲ್ಲಿ (ಮೊದಲೇ ರೆಸಿನ್ ತುಂಬಿದ ನೂಲಿನ ಹಾಳೆ) ಪದರ ಪದರದ ನಡುವೆ ಥರ್ಮೋಪ್ಲಾಸ್ಟಿಕ್ (ಬಿಸಿಗೆ ಮೆತ್ತಗಾಗುವ ಪ್ಲಾಸ್ಟಿಕ್) ಕಣ ಇರುತ್ತೆ. ಮೈಕ್ರಾನ್ ಲೆಕ್ಕದ ದಪ್ಪ ಕಣ. ನೂಲಿನ ಒಳಗೆ ಹೋಗಬಾರದು, ಪದರದ ನಡುವೆಯೇ ಉಳಿಯಬೇಕು ಅಂತಲೇ ಆ ಗಾತ್ರ. ರೆಕ್ಕೆ ಮೇಲೆ ಸ್ಪ್ಯಾನರ್ ಬಿದ್ದರೆ ಮೇಲೆ ಗುರುತೂ ಕಾಣಲ್ಲ, ಒಳಗೆ ಪದರ ಬಿಟ್ಟಿರುತ್ತೆ. ಆ ಭಯಕ್ಕೆ ಮದ್ದು ಅದು.

ಎಂಟೆಕ್_ಕೊನೇಸೆಮ್

ಸರ್, ಹಾಗಾದರೆ ರೆಸಿನ್ 100ರಿಂದ 460 ಆದರೆ ಲ್ಯಾಮಿನೇಟ್ ಕೂಡ ನಾಲ್ಕೂವರೆ ಪಟ್ಟು ಆಗುತ್ತಾ?

ಹಳೇ_ಆಟೋಕ್ಲೇವ್

ಇಲ್ಲಮ್ಮ. ಅಲ್ಲೇ ಇರೋದು ಸೋರಿಕೆ. ಬಿರುಕಿನ ತುದಿಯಲ್ಲಿ ಎಪಾಕ್ಸಿ ಎಳೆದುಕೊಳ್ಳುವ ಒಂದು ವಲಯ ಇರುತ್ತೆ. ಸಾದಾ ಎಪಾಕ್ಸಿಯಲ್ಲಿ ಲೆಕ್ಕ ಹಾಕಿದರೆ ಅದು ಎರಡು ಮೂರು ಮೈಕ್ರಾನ್. ಟಫ್ ಮಾಡಿದ ಮೇಲೆ ಹತ್ತು ದಾಟುತ್ತೆ. ಆದರೆ ಲ್ಯಾಮಿನೇಟ್‌ನಲ್ಲಿ ನೂಲು ನೂಲಿನ ನಡುವೆ ಅಷ್ಟು ಜಾಗ ಎಲ್ಲಿದೆ? ವಲಯ ಬೆಳೆಯೋಕೆ ಹೋಗಿ ಎರಡೂ ಕಡೆ ನೂಲಿಗೆ ಡಿಕ್ಕಿ ಹೊಡೆಯುತ್ತೆ. ಮದುವೆ ಊಟಕ್ಕೆ ಸಾವಿರ ಜನ ಬಂದರೂ ಪಂಕ್ತಿಯಲ್ಲಿ ಕೂರುವುದು ಇನ್ನೂರೇ. ಅದಕ್ಕೇ ರೆಸಿನ್ ತುಂಬಾ ಟಫ್ ಆದಷ್ಟೂ ಲ್ಯಾಮಿನೇಟ್‌ಗೆ ದಾಟುವ ಪಾಲು ಕಮ್ಮಿ. ಇದು 1980ರ ದಶಕದಿಂದಲೇ ಗೊತ್ತಿರುವ ಮಾತು.

ಇನ್ನೊಂದು ಮೋಸ. ಲ್ಯಾಮಿನೇಟ್‌ನಲ್ಲಿ ಬಿರುಕು ಓಡುವಾಗ ಹಿಂದೆ ನೂಲುಗಳು ಎರಡೂ ದಡಕ್ಕೆ ಸೇತುವೆ ಥರ ಜೋತುಬೀಳುತ್ತವೆ. ಅದೂ ಶಕ್ತಿ ತಿನ್ನುತ್ತೆ. ಆ ಲಾಭವನ್ನು ಸಿಲಿಕಾ ಖಾತೆಗೆ ಬರೆದುಬಿಡಬೇಡ. ಬಿರುಕು ಹೊರಡುವಾಗಿನ ಸಂಖ್ಯೆ ಬೇರೆ, ಓಡುವಾಗಿನದು ಬೇರೆ. ಎರಡನ್ನೂ ಕೊಡು.

ಆದರೆ ಬೇಜಾರಾಗಬೇಡ. ಟಫ್‌ನೆಸ್ ಅಷ್ಟಾಗಿ ಏರದಿದ್ದರೂ ಆಯಸ್ಸು ಏರಬಹುದು. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ವಿಜ್ಞಾನಿಯೊಬ್ಬರು ಅದೇ ಇಂಪೀರಿಯಲ್ ತಂಡದ ಜೊತೆ ಗ್ಲಾಸ್–ಎಪಾಕ್ಸಿಗೆ ತೂಕದಲ್ಲಿ 10 ಪರ್ಸೆಂಟ್ ನ್ಯಾನೋ ಸಿಲಿಕಾ ಹಾಕಿ ಮತ್ತೆ ಮತ್ತೆ ಎಳೆದು ಬಿಡುವ ಫಟೀಗ್ ಟೆಸ್ಟ್ ಮಾಡಿದ್ದರು. 2010ರಲ್ಲಿ ಬಂತು. ಆಯಸ್ಸು ಮೂರು ನಾಲ್ಕು ಪಟ್ಟು. ರೆಸಿನ್‌ನಲ್ಲಿ ಸಣ್ಣ ಬಿರುಕುಗಳು ಹುಟ್ಟುವುದೇ ಕಮ್ಮಿಯಾಗಿ, ಹುಟ್ಟಿದವು ನಿಧಾನ ಓಡಿದವು. ಗಾಳಿಗಿರಣಿಯವರ ಬ್ಲೇಡಿಗೆ ಬೇಕಾದ್ದು ಇದೇ ಅಲ್ವಾ?

ಗಾಳಿಗಿರಣಿ

ಅದೇ. ನಮ್ಮ ಬ್ಲೇಡ್ ಒಂದೇ ಏಟಿಗೆ ಮುರಿಯೋದು ಅಪರೂಪ. ವರ್ಷಗಟ್ಟಲೆ ತಿರುಗಿ ತಿರುಗಿ ಸುಸ್ತಾಗುತ್ತೆ.

ಈ ಹುಡುಗಿಗೆ ಒಂದು ಮಾತು: ಪುಡಿ ತೂಗುವಾಗ ಫ್ಯಾನ್ ಹಾಕಿರ್ತೀರಾ?

ಎಂಟೆಕ್_ಕೊನೇಸೆಮ್

ಫ್ಯಾನ್ ಆರಿಸ್ತೀವಿ ಅಣ್ಣ, ಪುಡಿ ಹಾರಿ ತೂಕ ತಪ್ಪುತ್ತೆ ಅಂತ. ಮಾಸ್ಕ್... ಕರ್ಚೀಫ್ ಕಟ್ಟಿಕೊಳ್ತೀನಿ.

ಹಳೇ_ಆಟೋಕ್ಲೇವ್

ಕರ್ಚೀಫ್ ಬೇಡವೇ ಬೇಡ! ಫ್ಯೂಮ್ ಹುಡ್ (ಗಾಳಿಯನ್ನು ಹೊರಗೆಳೆಯುವ ಲ್ಯಾಬ್ ಪೆಟ್ಟಿಗೆ) ಒಳಗೆ ತೂಗು, ಕಮ್ಮಿ ಅಂದರೂ ಸರಿಯಾಗಿ ಕೂರುವ ಎನ್95 ಹಾಕು. ಪುಡಿಯನ್ನು ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ರೆಸಿನ್‌ನಲ್ಲಿ ಒದ್ದೆ ಮಾಡು. ನಿನ್ನ ಸಿಲಿಕಾ ಕಲ್ಲು ಕ್ವಾರಿಯ ಸ್ಫಟಿಕ ಸಿಲಿಕಾ ಅಲ್ಲ, ಹಾಗಂತ ಉಸಿರಾಡಲು ಮಾಡಿದ್ದೂ ಅಲ್ಲ. ಕಾರ್ಬನ್_ಕಪ್ಪು ಅವರೇ, ನಿಮಗೂ: ನ್ಯಾನೋಟ್ಯೂಬ್‌ಗೆ ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಯಾಶ್ (NIOSH) ಸಂಸ್ಥೆ 2013ರಲ್ಲಿ ಹೇಳಿದ ಮಿತಿ ಒಂದು ಘನ ಮೀಟರ್ ಗಾಳಿಗೆ 1 ಮೈಕ್ರೋಗ್ರಾಂ. ಕಣ್ಣಿಗೆ ಕಾಣುವಷ್ಟು ಹಾರಿದರೆ ಮಿತಿ ಯಾವತ್ತೋ ದಾಟಿದೆ ಅಂತ.

ಈಗ ಮಾಡಬೇಕಾದ್ದು. ಮಾಸ್ಟರ್‌ಬ್ಯಾಚ್ ಸಿಕ್ಕರೆ ಪುಡಿ ಬಿಟ್ಟುಬಿಡು. ಸಿಗದಿದ್ದರೆ ಪ್ರೋಬ್ ಸೋನಿಕೇಟರ್ (ರೆಸಿನ್ ಒಳಗೇ ಅದ್ದುವ ಕಡ್ಡಿಯದು) ಇರುವ ಲ್ಯಾಬ್ ಹುಡುಕು. ಪಾತ್ರೆ ಐಸ್‌ನಲ್ಲಿಡು, ಇಲ್ಲದಿದ್ದರೆ ರೆಸಿನ್ ಸುಡುತ್ತೆ. ಅಸಿಟೋನ್ ಹಾಕಿ ತೆಳು ಮಾಡುವ ಆಸೆ ಬರುತ್ತೆ. ಅದು ಪೂರ್ತಿ ಹೋಗದೆ ಉಳಿದು ಗುಳ್ಳೆ ಕಟ್ಟುತ್ತೆ, ಎಚ್ಚರ. ವ್ಯಾಕ್ಯೂಮ್‌ನಲ್ಲಿ ಗಾಳಿ ತೆಗೆ. ತಣ್ಣಗಾದ ಮೇಲಷ್ಟೇ 951 ಹಾಕು. ಬಿಸಿ ರೆಸಿನ್‌ಗೆ ಹಾಕಿದರೆ ಮಗ್ ಕೈಯಲ್ಲೇ ಹೊಗೆ ಕಾರುತ್ತೆ.

ಟೆಸ್ಟ್‌ಗೆ ಡಿಸಿಬಿ (ಪದರ ಬಿಚ್ಚಲು ಬೇಕಾದ ಶಕ್ತಿ ಅಳೆಯುವ ಟೆಸ್ಟ್) ಮಾಡು, ಅದರ ಮಾನದಂಡ ಎಎಸ್‌ಟಿಎಂ ಡಿ5528. ಲೇಅಪ್ ಮಾಡುವಾಗಲೇ ನಟ್ಟನಡು ಪದರದಲ್ಲಿ ಒಂದು ತುದಿಗೆ 13 ಮೈಕ್ರಾನ್ ಮೀರದ ಟೆಫ್ಲಾನ್ ಹಾಳೆ ಇಡು. ಅದೇ ಮೊದಲ ಬಿರುಕು. 25 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸು. ಹಾಳೆ ಇರುವ ತುದಿಗೆ ಮೇಲೆ ಕೆಳಗೆ ಎರಡು ಪಿಯಾನೋ ಹಿಂಜ್ ಅಂಟಿಸು. ಪಕ್ಕದ ಅಂಚಿಗೆ ಸ್ಟೇಷನರಿ ಅಂಗಡಿಯ ವೈಟ್ನರ್ ಬಳಿದು ಮಿಲಿಮೀಟರ್ ಗೆರೆ ಹಾಕು. ಯುಟಿಎಂನಲ್ಲಿ (ಎಳೆದು ಭಾರ ಅಳೆಯುವ ಮಷೀನ್) ನಿಧಾನ ಎಳೆ, ಬಿರುಕು ಗೆರೆ ದಾಟಿದಾಗೆಲ್ಲ ಭಾರ ಬರೆದುಕೋ. ನಿನ್ನ ಕಾಲೇಜಿನ ಯುಟಿಎಂಗೆ ಚಿಕ್ಕ ಲೋಡ್ ಸೆಲ್ (ಭಾರ ಅಳೆಯುವ ಸೆನ್ಸರ್) ಇದೆಯಾ ನೋಡು. ಇಲ್ಲಿ ಬರುವುದು ಹತ್ತಾರು ನ್ಯೂಟನ್, ಟನ್ ಅಲ್ಲ.

ಎಂಟೆಕ್_ಕೊನೇಸೆಮ್

(ಐದು ವಾರದ ಮೇಲೆ)

ಅಪ್‌ಡೇಟ್. ಪಕ್ಕದ ಊರಿನ ಕಾಲೇಜಿನಲ್ಲಿ ಪ್ರೋಬ್ ಸೋನಿಕೇಟರ್ ಸಿಕ್ಕಿತು, ಸಂಜೆ ಐದರ ಮೇಲೆ ಕೊಡ್ತಾರೆ. ಈಗ 3 ಪರ್ಸೆಂಟ್ ರೆಸಿನ್ ಗಾಜಿನ ಮೇಲೆ ತೆಳುವಾಗಿ ಸವರಿ ಬೆಳಕಿಗೆ ಹಿಡಿದರೆ ರವೆ ಕಾಣಲ್ಲ! ಗೈಡ್‌ಗೂ ತೋರಿಸಿದೆ. ಸುಮ್ನೆ ತಲೆ ಆಡಿಸಿದರು, "ಆಪ್ಟಿಮಮ್" ಪದ ಮಾತ್ರ ಮತ್ತೆ ಬರಲಿಲ್ಲ.

ಡಿಸಿಬಿ ಇವತ್ತು ಶುರು ಮಾಡಿದೆ. ಐದು ಸ್ಯಾಂಪಲ್‌ನಲ್ಲಿ ಎರಡು ಸರಿ ಬಂದವು, ಬಿರುಕು ಟಿಕ್ ಟಿಕ್ ಅಂತ ಗೆರೆ ಗೆರೆಗೆ ನಿಂತು ಹೋಯ್ತು. ಉಳಿದ ಮೂರರಲ್ಲಿ ಬಿರುಕು ಹೊರಡುವ ಮೊದಲೇ ಹಿಂಜ್ ಕಿತ್ತು ಬಂತು. ಅಂಟು ಪೂರ್ತಿ ಹಿಂಜ್ ಜೊತೆಗೇ ಬಂದಿದೆ, ಲ್ಯಾಮಿನೇಟ್ ಕಡೆ ನುಣ್ಣಗಿದೆ. ಬೇರೆ ಅಂಟು ತರಲಾ?

ಮಲ್ಪೆ_ದೋಣಿ

ತಂಗೀ, ಅಂಟಿಸುವ ಮುಂಚೆ ಲ್ಯಾಮಿನೇಟ್ ಉಜ್ಜಿದ್ಯಾ?

ಎಂಟೆಕ್_ಕೊನೇಸೆಮ್

ಇಲ್ಲ ಅಣ್ಣ. ಅಸಿಟೋನ್‌ನಲ್ಲಿ ಒರೆಸಿದೆ ಅಷ್ಟೆ.

ಮಲ್ಪೆ_ದೋಣಿ

80 ನಂಬರ್ ಎಮರಿ ತಗೋ. ಹೊಳಪು ಹೋಗುವವರೆಗೆ ಉಜ್ಜು. ಅಂಟು ಅದೇ ಸಾಕು.